ಹಿಡುಕೊಟ್ಟ ಕೈಯೂ ಒಪ್ಪಿಸಿಕೊಟ್ಟ ಕೈಯೂ

ಓದತಕ್ಕ ವೇದಭಾಗಗಳು: ಮಾರ್ಕ 14ನೇ ಅಧ್ಯಾಯ, ಯೋಹಾನ 13 ಮತ್ತು 18ನೇ ಅಧ್ಯಾಯಗಳು.



ಉಂಡ ಮನೆಗೆ ಎರಡು ಬಗೆಯಬಾರದೆಂಬ ಮಾತು ಬೀದರ, ಭಾಲ್ಕಿ, ಔರಾದ ಸೀಮೆಯ ಯಾವ ಹಳ್ಳಿಗೆ ಹೋದರೂ ಕೇಳಬರುವದು. ಅಕ್ಷರ ಬಾರದ ಮುದುಕಿಯೂ ಇದನ್ನು ಬಲ್ಲಳು. ಕಣದಿಂದ ಜೋಳ ಕದ್ದವನನ್ನು ನಮ್ಮ ಜನರು ಕಾಲಕ್ರಮದಲ್ಲಿ ಕ್ಷಮಿಸುವರು, ಜಗಳಗಂಟನನ್ನು ಹೇಗೋ ಸಹಿಸುವರು. ಆದರೆ ಒಂದೇ ಗಂಗಾಳದಲ್ಲಿ ರೊಟ್ಟಿ ಮುರಿದು ತಿಂದವನು ಎದ್ದುಹೋಗಿ ಹಗೆಯ ಸಂಗಡ ಕೂಡಿದನೆಂದರೆ ಅವನ ಮನೆತನದ ಹೆಸರನ್ನೇ ಮೂರು ತಲೆಮಾರು ಮರೆಯುವದಿಲ್ಲ. ಆದುದರಿಂದ ಇಸ್ಕರಿಯೋತ ಯೂದನ ಸಂಗತಿಯನ್ನು ತಿಳುಕೊಳ್ಳುವದಕ್ಕೆ ನಮಗೆ ದೊಡ್ಡ ಪಾಂಡಿತ್ಯವು ಬೇಕಾಗಿಲ್ಲ. ಅದು ನಮ್ಮ ಊರಿನ ಭಾಷೆಯಲ್ಲಿಯೇ ನಡೆದ ಸಂಗತಿಯಾಗಿದೆ.

ಆ ರಾತ್ರಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಪಸ್ಕದ ಕಾಲ, ಮೇಲಂತಸ್ತಿನ ಕೋಣೆ, ಹದಿಮೂರು ಮಂದಿ. ಊಟದ ನಡುವೆ ಕರ್ತನು ಎದ್ದು, ನಡುವಿಗೆ ಕೈವಸ್ತ್ರವನ್ನು ಕಟ್ಟಿಕೊಂಡು, ಆಳಿನ ಕೆಲಸವನ್ನು ತಾನು ಮಾಡಿದನು. ಒಬ್ಬೊಬ್ಬ ಶಿಷ್ಯನ ಪಾದವನ್ನೂ ತೊಳೆದನು. ಯೂದನು ಆಗ ಇನ್ನೂ ಹೊರಗೆ ಹೋಗಿರಲಿಲ್ಲವೆಂಬದನ್ನು ಗಮನಿಸಿರಿ. ಮಹಾಯಾಜಕರ ಬಳಿಗೆ ಹೋಗಿ ಮಾತುಗೊಟ್ಟು ಬಂದಿದ್ದ ಅದೇ ಪಾದಗಳ ಧೂಳನ್ನು ಕರ್ತನ ಕೈಗಳು ತೊಳೆದವು. ಆಮೇಲೆ ಆತನು ತುತ್ತನ್ನು ಅದ್ದಿ ಯೂದನ ಕೈಗೆ ಕೊಟ್ಟನು. ನಮ್ಮಲ್ಲಿ ಮನೆಯ ಯಜಮಾನನು ತನ್ನ ಕೈಯಿಂದ ಒಬ್ಬನಿಗೆ ತುತ್ತು ಕೊಡುವದು ಯಾವಾಗ? ಅಳಿಯನು ಮೊದಲನೆಯ ಸಾರಿ ಬಂದಾಗ, ಮುನಿಸಿಕೊಂಡ ತಮ್ಮನು ಹಿಂದಿರುಗಿದಾಗ, ಮಗುವಿಗೆ ಜ್ವರ ಬಿಟ್ಟಾಗ. ಆ ತುತ್ತು ಕಡೆಯ ಕರೆಯಾಗಿತ್ತು. ಯೂದನು ಅದನ್ನು ತೆಗೆದುಕೊಂಡನು, ಎದ್ದು ಹೋದನು. ಆಗ ರಾತ್ರಿಯಾಗಿತ್ತೆಂದು ಯೋಹಾನನು ಬರೆಯುತ್ತಾನೆ.

ಅವನು ಯಾಕೆ ಹೋದನು? ಇದಕ್ಕೆ ಪಂಡಿತರು ನಾನಾ ಉತ್ತರಗಳನ್ನು ಕೊಟ್ಟಿದ್ದಾರೆ. ರೋಮಾಯರ ಮೇಲೆ ಕತ್ತಿ ಎತ್ತುವ ಅರಸನನ್ನು ಅವನು ಬಯಸಿದನೆಂದು ಕೆಲವರು. ಗುರುವನ್ನು ಇಕ್ಕಟ್ಟಿಗೆ ಸಿಕ್ಕಿಸಿದರೆ ತನ್ನ ಶಕ್ತಿಯನ್ನು ತೋರಿಸಿಯಾನೆಂದು ಎಣಿಸಿದನೆಂದು ಬೇರೆ ಕೆಲವರು. ಸುವಾರ್ತೆಗಳು ಇಂಥಾ ಬಣ್ಣವನ್ನು ಹಚ್ಚುವದಿಲ್ಲ. ಹಣದ ಚೀಲವು ಅವನ ವಶದಲ್ಲಿತ್ತು. ಅದರಿಂದ ಅವನು ತೆಗೆಯುತ್ತಿದ್ದನು. ಬೇಥಾನ್ಯದಲ್ಲಿ ಮರಿಯಳು ಸುಗಂಧತೈಲವನ್ನು ಕರ್ತನ ಪಾದಕ್ಕೆ ಹಚ್ಚಿದಾಗ, ಇದನ್ನು 300 ಹಣಕ್ಕೆ ಮಾರಿ ಬಡವರಿಗೆ ಕೊಡಬಹುದಾಗಿತ್ತೆಂದು ಅವನು ಗೊಣಗಿದನು. ಆ ಕಾಲದಲ್ಲಿ ಒಂದು ಹಣವು ಒಬ್ಬ ಆಳಿನ ಒಂದು ದಿನದ ಕೂಲಿ. ಆಮೇಲೆ ಅವನೇ ಗುರುವನ್ನು 30 ಬೆಳ್ಳಿನಾಣ್ಯಗಳಿಗೆ ಮಾರಿದನು. ಆ ನಾಣ್ಯ ಒಂದಕ್ಕೆ ನಾಲ್ಕು ದಿನದ ಕೂಲಿಯಂತೆ ಹಿಡಿದರೂ ಒಟ್ಟು 120 ದಿನದ ದುಡಿಮೆ. ಪಾದಕ್ಕೆ ಸುರಿದ ಎಣ್ಣೆಗೆ 300 ಬೆಲೆ ಕಟ್ಟಿದವನು, ಆ ಪಾದಗಳುಳ್ಳವನಿಗೆ ಅದರ ಅರ್ಧವನ್ನೂ ಕಟ್ಟಲಿಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ, ಎತ್ತು ಹಾಯ್ದು ಸತ್ತ ದಾಸನಿಗಾಗಿ ಅವನ ಒಡೆಯನಿಗೆ ಕೊಡತಕ್ಕ ಮೊತ್ತವೂ 30 ರೂಪಾಯಿಯೇ ಎಂಬದನ್ನು ವಿಮೋಚನಕಾಂಡದ 21ನೇ ಅಧ್ಯಾಯದಲ್ಲಿ ನೀವೇ ನೋಡಿಕೊಳ್ಳಬಹುದು.

ನಾವು ಬೀದರಕ್ಕೆ ಆಸ್ಪತ್ರೆಗೋ ಸಂತೆಗೋ ಹೋದಾಗ ಪೇಟೆಯ ನಡುವೆ ಒಂದು ದೊಡ್ಡ ಹಳೇ ಕಟ್ಟಡವನ್ನು ಕಾಣುತ್ತೇವಷ್ಟೆ. ಒಂದು ಎತ್ತರದ ಮಿನಾರು ನಿಂತಿದೆ. ಅದಕ್ಕೆ ಜೊತೆಯಾಗಿದ್ದ ಇನ್ನೊಂದು ಈಗ ಇಲ್ಲ. ಗೋಡೆಗಳ ಮೇಲೆ ನೀಲಿ ಹಸುರು ಹೆಂಚಿನ ತುಂಡುಗಳು ಅಲ್ಲಲ್ಲಿ ಉಳಿದಿವೆ. ಅದು ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ. ಈತನು ಪಾರಸಿ ದೇಶದ ಗೀಲಾನ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು, ಬಹಮನಿ ಸುಲ್ತಾನರ ಮಂತ್ರಿಯಾಗಿ, ರಾಜ್ಯವನ್ನು ಬಹಳವಾಗಿ ಬೆಳೆಸಿದನು. ಆತನ ಏಳಿಗೆಯನ್ನು ಸಹಿಸದ ಆಸ್ಥಾನದ ಕೆಲವರು ಆತನ ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ಒಲಿಸಿಕೊಂಡು, ಖಾಲಿ ಕಾಗದದ ಮೇಲೆ ಮುದ್ರೆಯನ್ನು ಒತ್ತಿಸಿಕೊಂಡರು. ಆಮೇಲೆ ಆ ಕಾಗದದಲ್ಲಿ ಓಢ್ರದೇಶದ ಅರಸನಿಗೆ, ದಂಡೆತ್ತಿ ಬರಬೇಕೆಂಬ ದ್ರೋಹದ ಪತ್ರವನ್ನು ಬರೆದು ಸುಲ್ತಾನನ ಕೈಗೆ ಮುಟ್ಟಿಸಿದರು. ಸುಲ್ತಾನನು ಮದ್ಯದ ಅಮಲಿನಲ್ಲಿದ್ದನು. ಕರೆ ಬಂದಾಗ ಸ್ನೇಹಿತರು ಹೋಗಬೇಡವೆಂದು ತಡೆದರು, ಮುದುಕನು ಹೋದನು. ಮುದ್ರೆಯು ತನ್ನದೇ, ಬರಹವು ತನ್ನದಲ್ಲವೆಂದು ಹೇಳಿದನು. ಆ ಮಾತನ್ನು ಕೇಳುವ ಕಿವಿ ಅಲ್ಲಿ ಇರಲಿಲ್ಲ. 1481ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ, ಕೊಂಡಪಲ್ಲಿಯ ಪಾಳೆಯದಲ್ಲಿ, ಆತನ ತಲೆಯನ್ನು ಹೊಡೆದರು. ಎಪ್ಪತ್ತೆಂಟು ವಯಸ್ಸಾಗಿತ್ತೆಂದು ಫರಿಸ್ತಾ ಎಂಬ ಚರಿತ್ರಕಾರನು ಹೇಳುತ್ತಾನೆ. ನಿಜವು ಹೊರಬಿದ್ದಾಗ ಸುಲ್ತಾನನು ಎದೆಯೊಡೆದು ಅತ್ತನು. ಮಾರನೆಯ ವರುಷವೇ ಅವನೂ ಸತ್ತನು. ರಾಜ್ಯವು ತುಂಡುತುಂಡಾಯಿತು.

ಈ ಸಂಗತಿಯನ್ನು ಹೇಳಿದ್ದಕ್ಕೆ ಕಾರಣವುಂಟು. ದ್ರೋಹವು ಯಾವಾಗಲೂ ಹೊರಗಿನ ಕತ್ತಿಯಿಂದ ಮೊದಲಾಗುವದಿಲ್ಲ. ನಂಬಿಗೆಯಿಂದ ಒಪ್ಪಿಸಿದ ಗುರುತಿನಿಂದ ಮೊದಲಾಗುವದು. ಗವಾನನಿಗೆ ಆ ಗುರುತು ಮುದ್ರೆ. ನಮ್ಮ ಕರ್ತನಿಗೆ ಅದು ಮುತ್ತು. ಶಿಷ್ಯನು ಗುರುವಿಗೆ ಮಾಡುವ ವಂದನೆಯ ಮುತ್ತನ್ನೇ ಯೂದನು ಹಿಡಿಯುವವರಿಗೆ ಸಂಜ್ಞೆಯಾಗಿ ಮಾಡಿಕೊಂಡನು. ಆದರೆ ಇಷ್ಟರ ತನಕ ಒಂದಾಗಿ ಬಂದ ಎರಡು ಸಂಗತಿಗಳೂ ಇಲ್ಲಿ ಬೇರೆಯಾಗುತ್ತವೆ. ಗವಾನನು ನಿರಪರಾಧಿಯಾಗಿ, ಧೈರ್ಯವಾಗಿ ಸತ್ತನು. ಆತನನ್ನು ನಾವು ಗೌರವಿಸತಕ್ಕದ್ದು. ಆದರೂ ಆತನ ಪ್ರಾಣವು ಆತನಿಂದ ಕಿತ್ತುಕೊಳ್ಳಲ್ಪಟ್ಟಿತು. ನಮ್ಮ ಕರ್ತನಾದರೋ, ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವದಿಲ್ಲ, ತಾನಾಗಿ ಕೊಡುವನೆಂದು ಮುಂಚಿತವಾಗಿಯೇ ಹೇಳಿದ್ದನು. ಅದು ಯೋಹಾನನ 10ನೇ ಅಧ್ಯಾಯದಲ್ಲಿದೆ.

ದೈವಜ್ಞಾನಶಾಲೆಯಲ್ಲಿ ನಾನು ಕಲಿತದ್ದರಲ್ಲಿ ಬಹಳಷ್ಟನ್ನು ಮರೆತಿದ್ದೇನೆ. ಆದರೆ ಗ್ರೀಕ್ ಭಾಷೆಯ ಒಂದು ಮಾತನ್ನು ಮರೆತಿಲ್ಲ. ಪರದಿದೋಮಿ ಎಂಬದು ಆ ಮಾತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸುವದೆಂದು ಅದರ ಅರ್ಥ. ನಮ್ಮ ಕನ್ನಡ ವೇದದಲ್ಲಿ ಇದು ಕೆಲವೆಡೆ ಹಿಡುಕೊಡುವದು ಎಂತಲೂ, ಕೆಲವೆಡೆ ಒಪ್ಪಿಸುವದು ಎಂತಲೂ ಬಂದಿರುವದರಿಂದ, ಓದುವವರಿಗೆ ಬೇರೆ ಬೇರೆ ಮಾತುಗಳಾಗಿ ತೋರುವದು. ಮೂಲದಲ್ಲಿ ಒಂದೇ ಮಾತು. ಮಾರ್ಕನನ್ನು ಓದುತ್ತಾ ಹೋಗಿರಿ: ಯೂದನು ಆತನನ್ನು ಮಹಾಯಾಜಕರಿಗೆ ಒಪ್ಪಿಸುತ್ತಾನೆ, ಹಣದಾಸೆಯಿಂದ, ಮಹಾಯಾಜಕರು ಪಿಲಾತನಿಗೆ ಒಪ್ಪಿಸುತ್ತಾರೆ, ಹೊಟ್ಟೆಕಿಚ್ಚಿನಿಂದ, ಪಿಲಾತನು ಸಿಪಾಯಿಗಳಿಗೆ ಒಪ್ಪಿಸುತ್ತಾನೆ, ಜನರ ಗದ್ದಲಕ್ಕೆ ಹೆದರಿ. ಸಂತೆಯಲ್ಲಿ ದನದ ಹಗ್ಗವು ದಲಾಲನಿಂದ ದಲಾಲನಿಗೆ ದಾಟುವ ಹಾಗೆ ದೇವಕುಮಾರನು ಕೈಯಿಂದ ಕೈಗೆ ದಾಟಿದನು. ಪ್ರತಿಯೊಬ್ಬನೂ ಪಾಪವು ಇನ್ನೊಬ್ಬನದೆಂದು ಕೈ ತೊಳಕೊಂಡನು.

ಆದರೆ ಅಪೊಸ್ತಲನಾದ ಪೌಲನು ಅದೇ ಮಾತನ್ನು ಹಿಡಿದು ಬೇರೆ ಸಾಕ್ಷಿಯನ್ನು ಹೇಳುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ, ತಂದೆಯಾದ ದೇವರೇ ತನ್ನ ಮಗನನ್ನು ನಮ್ಮೆಲ್ಲರಿಗೋಸ್ಕರ ಒಪ್ಪಿಸಿದನು. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ, ಮಗನು ತನ್ನನ್ನು ತಾನೇ ಒಪ್ಪಿಸಿಕೊಟ್ಟನು. ಯೋಹಾನನ 19ನೇ ಅಧ್ಯಾಯದಲ್ಲಿ ಶಿಲುಬೆಯ ಮೇಲೆ ಆತನು ತಲೆ ಬಾಗಿಸಿ ಆತ್ಮವನ್ನು ಒಪ್ಪಿಸಿದನೆಂಬಲ್ಲಿಯೂ ಅದೇ ಮಾತು. ಇಷ್ಟು ಕೈಗಳು ದಾಟಿಸಿದ ಮೇಲೆ ಕಡೆಯ ಕೈ ಆತನದೇ ಆಗಿತ್ತು. ಯೂದನು ಕದ್ದು ಮಾರಿದನೆಂದು ನೆನಸಿದ ವಸ್ತುವನ್ನು ಅದರ ಒಡೆಯನು ಅಷ್ಟರೊಳಗೆ ದಾನವಾಗಿ ಕೊಟ್ಟುಬಿಟ್ಟಿದ್ದನು.

ಹಾಗಾದರೆ ಯೂದನದು ತಪ್ಪೇ ಅಲ್ಲವೋ, ದೇವರ ಸಂಕಲ್ಪವನ್ನು ನೆರವೇರಿಸಿದನಲ್ಲವೋ ಎಂದು ಒಬ್ಬ ಯೌವನಸ್ಥನು ಭಾಲ್ಕಿಯ ಕಡೆಯ ಕೂಟವೊಂದರಲ್ಲಿ ನನ್ನನ್ನು ಕೇಳಿದನು. ಒಳ್ಳೇ ಪ್ರಶ್ನೆ. ಹೊಲೆಗೇಡಿ ನೀರನ್ನು ಹೊಲಕ್ಕೆ ಚೆಲ್ಲಿದವನು ಬೆಳೆಯನ್ನು ಕೊಲ್ಲಬೇಕೆಂದೇ ಚೆಲ್ಲಿರಬಹುದು; ಅದು ಗೊಬ್ಬರವಾಗಿ ಜೋಳವು ಹುಲುಸಾದರೆ ಸ್ತೋತ್ರವು ಹೊಲದ ದೇವರಿಗೆ, ಚೆಲ್ಲಿದವನಿಗಲ್ಲ.

ಒಡೆಯನು ತಾನಾಗಿ ಕೊಟ್ಟನೆಂಬದಕ್ಕೆ ಸಾಕ್ಷಿ ಯಾವದು? ತೋಟವೇ ಸಾಕ್ಷಿ. ಯೇಸು ಕೆದ್ರೋನ್ ಹಳ್ಳವನ್ನು ದಾಟಿ ಹೋದನೆಂದು ಯೋಹಾನನು ಹೇಳುತ್ತಾನೆ. ಸಾವಿರ ವರುಷಗಳ ಹಿಂದೆ ಅದೇ ಹಳ್ಳವನ್ನು ಅರಸನಾದ ದಾವೀದನು ಅಳುತ್ತಾ ದಾಟಿದ್ದನು. ಸ್ವಂತ ಮಗನು ತಿರುಗಿಬಿದ್ದಿದ್ದನು, ಆಪ್ತಮಂತ್ರಿಯಾದ ಅಹೀತೋಫೆಲನು ಆ ಮಗನನ್ನು ಕೂಡಿಕೊಂಡಿದ್ದನು. ಈ ಅಹೀತೋಫೆಲನೂ ಕಡೆಗೆ ಯೂದನ ಹಾಗೆಯೇ ಉರ್ಲು ಹಾಕಿಕೊಂಡನು. ಆದರೆ ದಾವೀದನು ಆ ಹಳ್ಳವನ್ನು ತಪ್ಪಿಸಿಕೊಳ್ಳುವದಕ್ಕೆ ದಾಟಿದನು, ಅದು ತಪ್ಪಲ್ಲ. ದಾವೀದಕುಮಾರನು ಸಿಕ್ಕುವದಕ್ಕೆ ದಾಟಿದನು. ಆ ತೋಟದಲ್ಲಿ ಆತನು ಶಿಷ್ಯರ ಸಂಗಡ ಎಷ್ಟೋ ಸಾರಿ ಕೂಡುತ್ತಿದ್ದುದರಿಂದ ಯೂದನಿಗೆ ಆ ಸ್ಥಳವು ಗೊತ್ತಿತ್ತೆಂದು ಬರೆದಿದೆ. ಒಂದು ರಾತ್ರಿಯ ಮಟ್ಟಿಗೆ ಬೇರೆ ಕಡೆಯಲ್ಲಿ ಮಲಗಿದ್ದರೆ ಸಾಕಾಗಿತ್ತು. ಆತನು ಸ್ಥಳವನ್ನು ಬದಲಿಸಲಿಲ್ಲ. ದೀಪ ಪಂಜುಗಳು ಬಂದಾಗ ಮರದ ಹಿಂದೆ ನಿಲ್ಲದೆ ಮುಂದೆ ಬಂದು, ಯಾರನ್ನು ಹುಡುಕುತ್ತೀರೆಂದು ತಾನೇ ಕೇಳಿದನು. ನನ್ನನ್ನಾದರೆ ಇವರನ್ನು ಬಿಟ್ಟುಬಿಡಿರೆಂದು ಶಿಷ್ಯರಿಗೆ ಅಡ್ಡವಾಗಿ ನಿಂತನು. ಪೇತ್ರನು ಕತ್ತಿ ಹಿರಿದಾಗ ಅದನ್ನು ಒರೆಯಲ್ಲಿ ಸೇರಿಸೆಂದನು. ದೇವದೂತರ ಹನ್ನೆರಡು ದಂಡುಗಳನ್ನು ಬೇಡಬಲ್ಲೆನೆಂದು ಹೇಳಿ, ಬೇಡದೆ ಇದ್ದನು. ರೋಮಾಯರ ಒಂದು ದಂಡೆಂದರೆ ಐದಾರು ಸಾವಿರ ಮಂದಿ.

ಇದು ಸುಲಭವಾಗಿ ಆಯಿತೆಂದು ಯಾರೂ ತಿಳುಕೊಳ್ಳಬೇಡಿರಿ. ಅದೇ ತೋಟದಲ್ಲಿ ಗಳಿಗೆಗೆ ಮುಂಚೆ ಆತನು ನೆಲಕ್ಕೆ ಬಿದ್ದು, ಈ ಪಾತ್ರೆಯು ತಪ್ಪಲೆಂದು ಬೇಡಿದ್ದನು. ಸಾವನ್ನು ಪ್ರೀತಿಸಿ ಆತನು ಸಾಯಲಿಲ್ಲ.

ಇಲ್ಲಿ ಒಂದು ಮಾತನ್ನು ಬಿಡದೆ ಹೇಳಬೇಕು. ನಮ್ಮ ಸಭೆಗಳಲ್ಲಿ ತ್ಯಾಗವೆಂಬ ಮಾತನ್ನು ಬಲವುಳ್ಳವರು ಬಲಹೀನರಿಗೆ ಬೋಧಿಸುವದನ್ನು ಕಂಡಿದ್ದೇನೆ. ಗಂಡನು ಕುಡಿದು ಬಂದು ಹೊಡೆದರೆ, ಶಿಲುಬೆಯನ್ನು ಹೊತ್ತುಕೊಳ್ಳೆಂದು ಹೆಂಡತಿಗೆ ಹೇಳುವವರಿದ್ದಾರೆ. ತಮ್ಮನ ಪಾಲನ್ನು ನುಂಗಿ, ಲೋಕದ ಆಸೆ ಬಿಡೆಂದು ತಮ್ಮನಿಗೆ ಹೇಳುವ ಅಣ್ಣನಿದ್ದಾನೆ. ಕರ್ತನು ತನ್ನನ್ನು ಒಪ್ಪಿಸಿಕೊಟ್ಟನೇ ಹೊರತು ಇನ್ನೊಬ್ಬನನ್ನು ಒಪ್ಪಿಸಲಿಲ್ಲ. ಇನ್ನೊಬ್ಬನನ್ನು ಒಪ್ಪಿಸುವ ಕೆಲಸಕ್ಕೆ ವೇದದಲ್ಲಿ ಬೇರೆ ಹೆಸರಿದೆ, ಅದನ್ನು ಮಾಡಿದವನ ಹೆಸರೂ ಇದೆ.

ಆ ರಾತ್ರಿ ಬಿದ್ದವನು ಯೂದನೊಬ್ಬನೇ ಅಲ್ಲ. ಕೋಳಿ ಕೂಗುವಷ್ಟರೊಳಗೆ ಪೇತ್ರನೂ ಮೂರು ಸಾರಿ ಅರಿಯೆನೆಂದನು. ಇಬ್ಬರೂ ಪಶ್ಚಾತ್ತಾಪಪಟ್ಟರು, ಯೂದನು ಹಣವನ್ನು ಹಿಂದಕ್ಕೆ ಎಸೆದು, ನಿರಪರಾಧಿಯ ರಕ್ತಕ್ಕೆ ದ್ರೋಹ ಮಾಡಿದೆನೆಂದು ಬಾಯಿಬಿಟ್ಟು ಹೇಳಿದನು. ಪೇತ್ರನು ಅಷ್ಟನ್ನೂ ಹೇಳಲಿಲ್ಲ, ಹೊರಗೆ ಹೋಗಿ ಅತ್ತನು. ಹಾಗಾದರೆ ಭೇದವೆಲ್ಲಿ? ಯೂದನು ತನ್ನ ಪಾಪವನ್ನು ಕೊಂಡುಕೊಂಡವರ ಬಳಿಗೇ ತೆಗೆದುಕೊಂಡು ಹೋದನು. ಅವರು, ಅದು ನಮಗೇನು, ನೀನೇ ನೋಡಿಕೋ ಎಂದರು. ಕೆಲಸವಾದ ಮೇಲೆ ಯಾವ ಸಾಹುಕಾರನು ಕೂಲಿಯವನ ಮನಸ್ಸಾಕ್ಷಿಯನ್ನು ವಿಚಾರಿಸುತ್ತಾನೆ? ಯೂದನು ಮೂರು ದಿನ ತಾಳಿದ್ದರೆ, ಹನ್ನೊಂದು ಮಂದಿಯ ನಡುವೆ ಮುಖ ಮರೆಸಿಕೊಂಡಾದರೂ ಕೂತಿದ್ದರೆ, ಏನಾಗುತ್ತಿತ್ತೋ. ಪೇತ್ರನು ನಾಚಿಕೆಯನ್ನು ಹೊತ್ತುಕೊಂಡೇ ಆ ಗುಂಪಿನಲ್ಲಿ ಉಳಿದನು. ಆಮೇಲೆ ಕೆರೆಯ ದಡದಲ್ಲಿ ಬೆಂಕಿಯ ಮುಂದೆ ಕರ್ತನು ಅವನನ್ನು ಮೂರು ಸಾರಿ ಕೇಳಿದನು.

ಈ ವಿಷಯವನ್ನು ಬರೆಯುವದಕ್ಕೆ ನನಗೆ ಏನು ಯೋಗ್ಯತೆ ಎಂದು ಬಲ್ಲವರು ಕೇಳಬಹುದು, ಬಲ್ಲವರು ಕೆಲವರಿದ್ದಾರೆ. ಉಳಿದವರಿಗೂ ಹೇಳಿಬಿಡುತ್ತೇನೆ. ಊರಿನ ಹೆಸರು ಬೇಡ.

ನಾನು ಉಪದೇಶಿಯಾಗಿ ಔರಾದ ಕಡೆಯ ಒಂದು ಹಳ್ಳಿಗೆ ಬಂದ ಹೊಸದರಲ್ಲಿ, ನಮ್ಮ ಸಭೆಯ ಹಿರಿಯರೊಬ್ಬರು ಮಗಳ ಮದುವೆಗಾಗಿ ಸಾಹುಕಾರನಿಂದ ಸಾಲ ತಂದರು. ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆನು. ಅವರಿಗೆ ಎರಡು ಎಕರೆ ಎರೆಹೊಲವಿತ್ತು. ತೊಗರಿಯೂ ಜೋಳವೂ ಬೆಳೆಯುತ್ತಿದ್ದವು. ಸಾಹುಕಾರನು ಸ್ಟಾಂಪಿನ ಕಾಗದವನ್ನು ಮುಂದಿಟ್ಟನು. ಅದರಲ್ಲಿ ಏನೂ ಬರೆದಿರಲಿಲ್ಲ. ಬರೆಯುವವನು ನಾಳೆ ಬರುವನೆಂದನು. ಕಾಕಾ ನನ್ನ ಮುಖವನ್ನು ನೋಡಿದರು. ಓದಿದವನು ನಾನೊಬ್ಬನೇ ಅಲ್ಲವೇ? ನಾನು ತಲೆ ಆಡಿಸಿದೆನು. ಅವರು ಹೆಬ್ಬೆಟ್ಟು ಒತ್ತಿದರು, ನಾನು ಸಾಕ್ಷಿಯಾಗಿ ಸಹಿ ಹಾಕಿದೆನು. ನಮ್ಮ ಪ್ರಾರ್ಥನಾಲಯದ ಮೇಲ್ಛಾವಣಿಗೆ ತಗಡುಗಳನ್ನು ಕೊಡುವೆನೆಂದು ಆ ಸಾಹುಕಾರನು ಅದೇ ವಾರದಲ್ಲಿ ಮಾತು ಕೊಟ್ಟಿದ್ದನು, ಕೊಟ್ಟನು ಸಹ.

ಎರಡನೆಯ ಸುಗ್ಗಿಯಾದ ಮೇಲೆ ಕಾಕಾ ಹಣವನ್ನು ಕಟ್ಟಿಕೊಂಡು ಹೋದಾಗ, ಕಾಗದವು ಸಾಲದ ಪತ್ರವಾಗಿರಲಿಲ್ಲ, ಹೊಲದ ಕ್ರಯಪತ್ರವಾಗಿತ್ತು. ಪಂಚರು ಬೇವಿನ ಮರದ ಕೆಳಗೆ ಕೂಡಿ ನನ್ನನ್ನು ಕರಿಸಿದರು. ನೀವು ಸಹಿ ಮಾಡಿದಾಗ ಕಾಗದದಲ್ಲಿ ಬರಹವಿತ್ತೋ ಇಲ್ಲವೋ ಎಂದು ಕೇಳಿದರು. ನೆನಪಿಲ್ಲ ಎಂದು ಹೇಳಿದೆನು. ಒಂದೇ ಮಾತು. ಸಾಹುಕಾರನು ಎಲೆಅಡಿಕೆಯ ಚೀಲವನ್ನು ನನ್ನ ಕಡೆಗೆ ಸರಿಸಿದನು.

ಇನ್ನೂ ಕೆಟ್ಟದ್ದು ಅದೇ ಸಾಯಂಕಾಲ ಆಯಿತು. ನಾನು ವೇದಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಕಾರ ಮನೆಗೆ ಹೋಗಿ, ಕರ್ತನೂ ಅನ್ಯಾಯವನ್ನು ಸಹಿಸಿದನು, ನೀವೂ ಶಿಲುಬೆ ಹೊರಬೇಕೆಂದು ಉಪದೇಶ ಮಾಡಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹೊರ್ತೀನಿ ಮಾಸ್ತರ. ಆದ್ರ ಇದನ್ನ ನನ್ನ ಹೆಗಲ ಮ್ಯಾಲ ಇಟ್ಟವರು ಯಾರಂತ ಪಂಚರ ಮುಂದ ನೀವು ಹೇಳಬೇಕಾಗಿತ್ತು" ಎಂದರು. ಅಷ್ಟೇ ಅಂದು, ಒಳಗೆ ಹೋಗಿ ನನಗೆ ಚಹಾ ಮಾಡಿಸಿದರು.

ಆ ಮಳೆಗಾಲದಲ್ಲಿ ಹೊಸ ತಗಡುಗಳ ಮೇಲೆ ಮಳೆಯು ಬೀಳುವಾಗಲೆಲ್ಲಾ ನನ್ನ ಪ್ರಸಂಗವು ನನಗೇ ಕೇಳಿಸುತ್ತಿರಲಿಲ್ಲ. ಮುಂದಿನ ಶುಭ ಶುಕ್ರವಾರ ಮಾರ್ಕನ 14ನೇ ಅಧ್ಯಾಯವನ್ನು ಓದುತ್ತಿದ್ದವನು ಕೋಳಿ ಕೂಗಿದ ಸ್ಥಳಕ್ಕೆ ಬಂದು ನಿಂತುಬಿಟ್ಟೆನು. ಸಭೆಯ ಮುಂದೆ ಎಲ್ಲವನ್ನೂ ಹೇಳಿದೆನು. ಮಾರನೆಯ ದಿನ ಇಬ್ಬರು ಹಿರಿಯರನ್ನು ಕರಕೊಂಡು ಪಂಚರ ಬಳಿಗೂ ಹೋಗಿ, ಕಾಗದವು ಖಾಲಿಯಾಗಿತ್ತೆಂದು ಹೇಳಿದೆನು. ಸಾಹುಕಾರನು ಕೋಪದಿಂದ ತಗಡುಗಳನ್ನು ಹಿಂದಕ್ಕೆ ಕೇಳಿದನು. ನಮ್ಮ ಜನರು, ಕೂಲಿ ಮಾಡಿ ಉಣ್ಣುವವರು, ಒಬ್ಬರೂ ಎದುರುಮಾತನಾಡದೆ ತಾವೇ ಏಣಿ ಹಾಕಿ ತಗಡುಗಳನ್ನು ಬಿಚ್ಚಿ, ಬಂಡಿಯಲ್ಲಿ ಹಾಕಿ ಅವನ ಮನೆಯ ಮುಂದೆ ಇಳಿಸಿ ಬಂದರು. ಪಂಚರ ಒತ್ತಾಯಕ್ಕೆ ಅವನು ಒಂದು ಎಕರೆಯನ್ನು ಬಿಟ್ಟುಕೊಟ್ಟನು. ಇನ್ನೊಂದು ಹೋದದ್ದು ಹೋಯಿತು. ಮೇಲಿನವರು ನನ್ನನ್ನು ಒಂದು ವರುಷ ಉಪದೇಶದ ಕೆಲಸದಿಂದ ನಿಲ್ಲಿಸಿದರು, ಅದು ನ್ಯಾಯವೇ.

ಆಷಾಢದಲ್ಲಿ ಪಾದ್ರಿಗಳು ಕರ್ತನ ಭೋಜನಸಂಸ್ಕಾರಕ್ಕೆ ಬಂದರು. ಛಾವಣಿ ಇಲ್ಲದ ಗೋಡೆಗಳ ನಡುವೆ, ಜಿನುಗು ಮಳೆಯಲ್ಲಿ, ಗೋಣಿಚೀಲಗಳನ್ನು ತಲೆಗೆ ಹೊದ್ದುಕೊಂಡು ಸಭೆಯು ಕೂತಿತ್ತು. ನಾನು ಎಲ್ಲರ ಹಿಂದೆ, ಬಾಗಿಲ ಹತ್ತಿರ ಇದ್ದೆನು. ಮುಂದಕ್ಕೆ ಹೋಗುವ ಮನಸ್ಸು ಇರಲಿಲ್ಲ. ಕಾಕಾ ಹಿರಿಯರ ಸಾಲಿನಿಂದ ಎದ್ದು ಬಂದು, ನನ್ನ ಮಗ್ಗುಲಲ್ಲಿ ಹಸಿ ನೆಲದ ಮೇಲೆ ಕೂತುಕೊಂಡರು. ರೊಟ್ಟಿಯ ತಟ್ಟೆಯು ಸಾಲುಸಾಲಾಗಿ ದಾಟುತ್ತಾ ಅವರ ಕೈಗೆ ಬಂದಾಗ, ತಾವು ತೆಗೆದುಕೊಳ್ಳದೆ, ಮಳೆಹನಿ ಬೀಳದಂತೆ ಒಂದು ಅಂಗೈಯನ್ನು ಮೇಲೆ ಹಿಡಿದು, ಅದನ್ನು ನನ್ನ ಮುಂದೆ ಚಾಚಿದರು.

"ತಗೋರಿ ಮಾಸ್ತರ," ಎಂದರು.